ತೊಗರಿ ಚೀಲದ ಹಿಂದಿನ ಗಿಟಾರು

"ನನಗೆ ಗೊತ್ತಿಲ್ಲ" ಎಂಬ ಎರಡು ಪದಗಳನ್ನು ಜೋಡಿಸಿ ಹೇಳಲು ಎಷ್ಟು ಎದೆಗಾರಿಕೆ ಬೇಕು ಎಂಬುದು ಮಾಸ್ತರಿಕೆ ಮಾಡಿದವರಿಗೇ ಗೊತ್ತು. ಇಪ್ಪತ್ತಾರು ವರ್ಷದಿಂದ ಆಳಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೇನೆ. ಬೆಳಕು ಬಾಗುವುದು, ನೀರು ಕುದಿಯುವುದು, ಕಬ್ಬಿಣ ತುಕ್ಕು ಹಿಡಿಯುವುದು, ಇಷ್ಟೇ ನನ್ನ ಸೀಮೆ. ಆದರೆ ನಮ್ಮ ಕಡೆ ಮಾಸ್ತರ ಎಂದರೆ ಎಲ್ಲ ಬಲ್ಲವ. ಬೋರ್‌ವೆಲ್ ಹೊಲದ ಯಾವ ಮೂಲೆಗೆ ಹಾಕಿಸಬೇಕು, ಯಾವ ಫೋನು ಬಾಳಿಕೆ ಬರುತ್ತದೆ, ಥೈರಾಯ್ಡ್ ರಿಪೋರ್ಟಿನಲ್ಲಿ ಬರೆದ ಅಂಕಿಗೆ ಏನರ್ಥ, ಹುಡುಗಿಯನ್ನು ಅಫಜಲಪುರದ ಕಡೆ ಕೊಡಬೇಕೋ ಜೇವರ್ಗಿಯ ಕಡೆಯೋ, ಎಲ್ಲವನ್ನೂ ನನ್ನನ್ನು ಕೇಳಿದ್ದಾರೆ. ಎಲ್ಲದಕ್ಕೂ ನಾನು ಉತ್ತರ ಕೊಟ್ಟಿದ್ದೇನೆ. ಬೋರ್‌ವೆಲ್‌ಗಳಲ್ಲಿ ಕೆಲವಕ್ಕೆ ನೀರು ಬಿದ್ದಿದೆ, ಮದುವೆಗಳಲ್ಲಿ ಕೆಲವು ಉಳಿದಿವೆ. ಉಳಿದವುಗಳ ವಿಚಾರವನ್ನು ಯಾರೂ ನನ್ನ ಎದುರಿಗೆ ತೆಗೆದಿಲ್ಲ. ಅದು ಅವರ ದೊಡ್ಡತನ. ನಾನು ಅದನ್ನು ನನ್ನ ಜಾಣತನ ಎಂದುಕೊಂಡೇ ಬಂದವನು. ಈಗ ಹೇಳಹೊರಟಿರುವುದು ಆ ಭ್ರಮೆ ಹರಿದ ಕತೆ. ನಾಚಿಕೆಯಿಂದಲೇ ಹೇಳುತ್ತಿದ್ದೇನೆ, ಓದುವವರು ನನ್ನ ಮುಖದ ಕಡೆ ನೋಡದೆ ಓದಬೇಕು.

ಗಿಟಾರಿನ ವಿಷಯದಲ್ಲಿ ನನಗೆ ಪಾಂಡಿತ್ಯ ಹೇಗೆ ಬಂತು ಎಂಬುದನ್ನು ಮೊದಲು ಒಪ್ಪಿಸಿಬಿಡುತ್ತೇನೆ. ಬಿ.ಎಡ್. ಓದಲು ಸೊಲ್ಲಾಪುರದಲ್ಲಿದ್ದಾಗ ನನ್ನ ಕೋಣೆಯಲ್ಲಿ ಇನ್ನೊಬ್ಬ ಹುಡುಗನಿದ್ದ. ಅವನ ಬಳಿ ಒಂದು ಗಿಟಾರಿತ್ತು. ಎರಡು ತಿಂಗಳಲ್ಲಿ ಅವನು ನನಗೆ ಬೆರಳಿಡುವ ಮೂರು ಪಟ್ಟುಗಳನ್ನು ಕಲಿಸಿದ. ಮೂರನೆಯದು ಕೂಡುವ ಹೊತ್ತಿಗೆ ಅವನು ಕೋಣೆ ಬಿಟ್ಟುಹೋದ, ಗಿಟಾರೂ ಅವನ ಜೊತೆ ಹೋಯಿತು. ಹೀಗೆ ನನ್ನ ಸಂಗೀತ ಮೂರು ಪಟ್ಟಿಗೆ ನಿಂತಿತು. ಎಷ್ಟೋ ವರ್ಷದ ಮೇಲೆ ನಮ್ಮ ಹೆಡ್‌ಮಾಸ್ತರರ ಬೀಳ್ಕೊಡುಗೆಯಲ್ಲಿ ಯಾರೋ ತಂದಿದ್ದ ಗಿಟಾರು ಕೈಗೆ ಸಿಕ್ಕಿತು. ಆ ಮೂರನ್ನೇ ಹಿಂದೆ ಮುಂದೆ ಮಾಡಿ ನಾಲ್ಕು ನಿಮಿಷ ಬಾರಿಸಿದೆ. ಕೇಳಿದವರಲ್ಲಿ ಗಿಟಾರು ಬಲ್ಲವರು ಒಬ್ಬರೂ ಇರಲಿಲ್ಲ. ಅಂದಿನಿಂದ ತಾಲ್ಲೂಕಿಗೆಲ್ಲ ನಾನು ಗಿಟಾರ್ ಮಾಸ್ತರನಾದೆ.

ಈ ಖ್ಯಾತಿಯನ್ನು ನಂಬಿ ಬಂದವಳು ಸುಜಾತಾ. ಕಿಣ್ಣಿ ಸುಲ್ತಾನದವಳು, ನನ್ನ ಹಳೆಯ ವಿದ್ಯಾರ್ಥಿನಿ. ಈಗ ಆಳಂದದಲ್ಲೇ ಒಂದು ಕೋಣೆ ಹಿಡಿದು ದವಾಖಾನೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುತ್ತಾಳೆ. ಮೂರು ತಿಂಗಳಿಗೊಮ್ಮೆ ನನ್ನ ಬೆರಳು ಚುಚ್ಚಿ ಸಕ್ಕರೆ ಅಳೆಯುವವಳು ಅವಳೇ. ನಾನು ಜಿಲೇಬಿ ತಿಂದದ್ದನ್ನು ಹೆಂಡತಿಗಿಂತ ಮೊದಲು ಪತ್ತೆಹಚ್ಚುವವಳೂ ಅವಳೇ. ಇದೆಲ್ಲದರ ನಡುವೆ ಆಕೆ ಫೋನಿನಲ್ಲಿ ನೋಡಿ ನೋಡಿ ಗಿಟಾರು ಕಲಿತಿದ್ದಳು. ಅವಳ ಹಳೆಯ ಡಬ್ಬಿ ಗಿಟಾರಿನ ಹೊಟ್ಟೆ ಬಿರಿದಿತ್ತು. ಗಾಯಕ್ಕೆ ಹಚ್ಚುವ ದವಾಖಾನೆಯ ಪಟ್ಟಿಯನ್ನೇ ಅದಕ್ಕೆ ಹಚ್ಚಿ ನುಡಿಸುತ್ತಿದ್ದಳು.

ಕಿಣ್ಣಿ ಸುಲ್ತಾನದಲ್ಲಿ ಅವರ ಓಣಿಯವರದೇ ಒಂದು ಹಾಡಿನ ತಂಡವಿದೆ. ಏಪ್ರಿಲ್‌ನ ಭೀಮ ಜಯಂತಿಗೆ ತಂಡ ಬುದ್ಧ ವಿಹಾರದ ಮುಂದೆ ಹಾಡುತ್ತದೆ. ತಂಡದ ಹಿರಿಯ ಮರೆಪ್ಪ ಕಾಕಾ. ರಸ್ತೆ ಕೆಲಸದಲ್ಲಿ ಮುಪ್ಪಾದವರು, ಢೋಲಕ್ ಮುಂದೆ ಕೂತರೆ ಮಾತ್ರ ಇಪ್ಪತ್ತೈದರ ಹರೆಯ. ಸುಜಾತಾ ಎಂಟು ವರ್ಷದಿಂದ ಆ ತಂಡದಲ್ಲಿ ಹಿಂದಿನ ಸಾಲಿನಲ್ಲಿ ನಿಂತು ದನಿಗೂಡಿಸುತ್ತಿದ್ದಳು. ಆ ವರ್ಷ ಫೆಬ್ರುವರಿಯಲ್ಲಿ ಕಾಕಾ ಅವಳಿಗೆ ಹೇಳಿದ್ದರಂತೆ: "ಕರೆಂಟಿನ ಗಿಟಾರ್ ತಂದ್ರ ಈ ಸಲ ನೀ ಮುಂದ ನಿಂದ್ರಬೇ. ತರದಿದ್ರ ಸೊಲ್ಲಾಪುರದ ಕೀಬೋರ್ಡ್‌ನವನಿಗಿ ಹೇಳ್ತೇನಿ. ಮಾರ್ಚ್ ಕಡೀತನಕ ಕಾಯ್ತೇನಿ ನೋಡು." ಅವರ ತಂಡದಲ್ಲಿ ಹೆಣ್ಣುಮಗಳೊಬ್ಬಳು ವಾದ್ಯ ಹಿಡಿದು ಮುಂದೆ ನಿಂತದ್ದು ಅದುವರೆಗೆ ಇರಲಿಲ್ಲ. ಈ ಮಾತನ್ನು ನನಗೆ ಹೇಳುವಾಗ ಸುಜಾತಾ ನನ್ನ ಬೆರಳಿಗೆ ಸೂಜಿ ಚುಚ್ಚುವುದನ್ನೇ ಮರೆತು ನಿಂತಿದ್ದಳು.

ಆಮೇಲೆ ಫೋನು ತೆಗೆದು ಒಂದು ಚಿತ್ರ ತೋರಿಸಿದಳು. ಎರಡು ಕೊಂಬಿನ ಆ ಗಿಟಾರನ್ನು ನೀವೂ ನೋಡಿರುತ್ತೀರಿ. ಗಿಟಾರು ಎಂದರೆ ಜಗತ್ತಿನ ಕಣ್ಣಿಗೆ ಬರುವುದೇ ಆ ಆಕಾರ. ಮೈಮೇಲೆ ದನಿ ಹಿಡಿಯುವ ಮೂರು ಪಟ್ಟಿ, ತಲೆಯ ಮೇಲೆ ತಂತಿ ಬಿಗಿಯುವ ಆರು ಕಿವಿಗಳೂ ಒಂದೇ ಸಾಲಿನಲ್ಲಿ. ಅದರ ಅಸಲು ಮಾಲಿನ ಬೆಲೆಗೆ ನಮ್ಮ ಕಡೆ ಹಾಲು ಕೊಡುವ ಎರಡು ಎಮ್ಮೆ ಬರುತ್ತವೆ. ಅದೇ ಕಂಪನಿಯವರು ಬೇರೆ ಸಣ್ಣ ಹೆಸರಿನಲ್ಲಿ, ಬೇರೆ ದೇಶದಲ್ಲಿ ಮಾಡಿಸುವ ಕಡಿಮೆ ಬೆಲೆಯದು ಒಂದಿದೆ. ಅದರ ಬೆಲೆಗೆ ಒಂದು ಆಡು ಬಂದೀತು, ಮರಿಯ ಸಮೇತ.

"ಸರ್, ಅಸಲ್ ಮಾಲ್ ನಮ್ಮ ಕೈಗಿ ಹತ್ತಂಗಿಲ್ಲ ಬಿಡ್ರಿ. ಇದು ಅದರ ತಮ್ಮ ಇದ್ದಂಗ. ನೋಡಾಕ ಅದರಂಗೇ ಅದ. ತಗೊಳ್ಳೋದು ಶಾಣೇತನನೋ ಹುಚ್ಚತನನೋ, ನೀವ ಹೇಳ್ಬೇಕ್ರಿ" ಎಂದಳು.

ನನಗೆ ಗೊತ್ತಿಲ್ಲ ಎನ್ನಬೇಕಾದ ಜಾಗ ಅದೇ ಆಗಿತ್ತು. ನಾನು ಗಡ್ಡ ಕೆರೆದುಕೊಂಡು, "ಅವಸರ ಮಾಡಬ್ಯಾಡ ತಂಗಿ. ಇದು ಪರೀಕ್ಷಾ ಮಾಡಿ ಹೇಳೋ ಮಾತು" ಎಂದೆ.

ಪರೀಕ್ಷೆ ಶುರುವಾಯಿತು. ದಿನಾ ಸಂಜೆ ಶಾಲೆಯಿಂದ ಬಂದವನೇ ಫೋನು ಹಿಡಿದು ಕೂರತೊಡಗಿದೆ. ಗಿಟಾರುಗಳನ್ನು ಹೋಲಿಸಿ ತೋರಿಸುವವರು ಜಗತ್ತಿನಲ್ಲಿ ಇಷ್ಟೊಂದು ಜನ ಇದ್ದಾರೆಂದು ನನಗೆ ತಿಳಿದಿರಲಿಲ್ಲ. ಒಬ್ಬ ಕೆಂಪು ಗಡ್ಡದವನು ಕಟ್ಟಿಗೆಯ ಜಾತಿ ಹೇಳುತ್ತಾನೆ. ಇನ್ನೊಬ್ಬ ಬಿಚ್ಚಿ ಒಳಗಿನ ತಂತಿಯ ಬೆಸುಗೆ ತೋರಿಸಿ ನಿಟ್ಟುಸಿರು ಬಿಡುತ್ತಾನೆ. ಮತ್ತೊಬ್ಬ ಪರದೆಯ ಹಿಂದೆ ಕೂತು ಎರಡನ್ನೂ ನುಡಿಸಿ, ಯಾವುದು ದುಬಾರಿಯದು ಕಣ್ಣು ಮುಚ್ಚಿ ಹೇಳಿ ಎನ್ನುತ್ತಾನೆ. ನಾನು ಕಣ್ಣು ಮುಚ್ಚಿ ಹೇಳಿದೆ. ಎಂಟು ಸಲದಲ್ಲಿ ಏಳು ಸಲ ಸೋವಿಯದನ್ನೇ ದುಬಾರಿಯದು ಎಂದೆ. ಎಂಟನೆಯ ಸಲ ಹೆಂಡತಿ ಮಹಾದೇವಿ ಎದುರಿಗೆ ಚಹಾ ಇಟ್ಟು, "ಕಣ್ಣ ಮುಚ್ಕೊಂಡು ಯಾರಿಗಿ ಕೈ ಮುಗ್ಯಾಕತ್ತೀರಿ?" ಎಂದದ್ದರಿಂದ ತಪ್ಪಿತು. ಇಷ್ಟಾದ ಮೇಲೆ ಬುದ್ಧಿಯಿದ್ದವನು ಏನು ತೀರ್ಮಾನಕ್ಕೆ ಬರಬೇಕು? ಎರಡರ ದನಿಯಲ್ಲಿ ನಮ್ಮ ಕಿವಿಗೆ ತಿಳಿಯುವಂಥ ಅಂತರವಿಲ್ಲ, ಆದ್ದರಿಂದ ತಗೊಳ್ಳಬಹುದು, ಎಂದು. ನಾನು ಬಂದ ತೀರ್ಮಾನವೇ ಬೇರೆ: ಇದನ್ನು ಕೈಯಲ್ಲಿ ಹಿಡಿದು ನೋಡದೆ ಹೇಳಲಾಗದು. ಸುಜಾತಾ ವಾರಕ್ಕೆರಡು ಸಲ ದಾರಿಯಲ್ಲಿ ನಿಂತು "ಏನಾತ್ರಿ ಸರ್?" ಎಂದು ಕೇಳುವುದು ಹಿತವಾಗಿತ್ತು, ಅದು ಮುಗಿಯುವುದು ನನಗೆ ಬೇಡವಾಗಿತ್ತು ಎಂಬುದನ್ನೂ ಒಪ್ಪಿಸಿಬಿಡುತ್ತೇನೆ.

ಮಾರ್ಚ್ ಅರ್ಧ ಕಳೆದ ಮೇಲೆ ಒಂದು ಭಾನುವಾರ ಸೊಲ್ಲಾಪುರಕ್ಕೆ ಹೋದೆ. ಮನೆಯಲ್ಲಿ ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದಿದ್ದೆ, ಸುಜಾತಾಗೆ ಮಾತ್ರ ನಿಜ ಹೇಳಿದ್ದೆ. ಅಂಗಡಿಯ ಗೋಡೆಯ ಮೇಲೆ ಅದು ತೂಗುಬಿದ್ದಿತ್ತು. ಮೈ ಹಾಲಿನ ಕೆನೆಯ ಬಣ್ಣ, ಕುತ್ತಿಗೆ ಜೇನಿನ ಬಣ್ಣ. ಮಾಲಕರು ಮರಾಠಿಯವರು, ವಯಸ್ಸಾದವರು. ಕೆಳಗಿಳಿಸಿ ವೈರು ಚುಚ್ಚಿ ನನ್ನ ತೊಡೆಯ ಮೇಲಿಟ್ಟರು. ನಾನು ಪರೀಕ್ಷಕನ ಗತ್ತಿನಲ್ಲಿ ಮೊದಲು ಕುತ್ತಿಗೆ ಸವರಿದೆ. ತಗಡಿನ ಪಟ್ಟಿಗಳ ತುದಿ ಅಂಗೈಗೆ ಸ್ವಲ್ಪ ಗರಗರ ಎಂದವು. ಕಿವಿ ತಿರುವಿದೆ, ಒಂದೆರಡು ತುಸು ಸಡಿಲು. ಇವೇ ಆ ಗಡ್ಡದವರು ಹೇಳಿದ್ದ ದೋಷಗಳು. ಸರಿ, ಇಷ್ಟೇ ತಾನೆ ಎಂದುಕೊಂಡು ನನ್ನ ಮೂರರಲ್ಲಿ ಮೊದಲನೆಯ ಪಟ್ಟು ಹಿಡಿದು ಒಮ್ಮೆ ಎಳೆದೆ. ಅಂಗಡಿ ತುಂಬಿತು. ಎಳೆದ ಕೈ ಕೆಳಗಿಳಿದರೂ ನಾದ ಇಳಿಯಲೊಲ್ಲದು. ಐವತ್ತೆರಡರ ಮನುಷ್ಯ ನಾನು. ಇಷ್ಟು ವರ್ಷ ಏನು ಮಾಡಿದರೂ, ಅದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಇಷ್ಟು ಹೊತ್ತು ಉಳಿದದ್ದು ನನಗೆ ನೆನಪಿಲ್ಲ.

"ಏಕಚ್ ಪೀಸ್ ಆಹೆ, ಸರ್" ಎಂದರು ಮಾಲಕರು. ಇರುವುದು ಇದೊಂದೇ. ಮತ್ತೆ ಮಾಲು ಬರುವುದು ಏಪ್ರಿಲ್ ಕಡೆಯ ವಾರಕ್ಕೆ, ಅಂದರೆ ಜಯಂತಿ ಮುಗಿದ ಮೇಲೆ.

ಇಲ್ಲಿ ನನ್ನ ಮುತ್ತ್ಯಾನ, ಅಂದರೆ ಅಜ್ಜನ, ಮಾತು ಹೇಳಬೇಕು. ನಮ್ಮ ಮೂಲ ಊರು ಹಿರೋಳ್ಳಿ. ಮುತ್ತ್ಯಾ ಸುತ್ತಿನ ದನದ ಸಂತೆಗಳಲ್ಲಿ ಎತ್ತು ನೋಡಿ ಹೇಳುವ ಪಾರಖಿಯಾಗಿದ್ದ. ಎತ್ತು ಕೊಳ್ಳುವವರು ಅವನನ್ನು ಕರೆದೊಯ್ಯುತ್ತಿದ್ದರು. ಹಲ್ಲು, ಗೊರಸು, ಸುಳಿ ನೋಡಿ ಅವನು ಹೂಂ ಎಂದರೆ ಹೂಂ, ಉಹೂಂ ಎಂದರೆ ಉಹೂಂ. ಪಾರಖಿಗಳ ಕೆಲಸಕ್ಕೆ ಒಂದು ಕಟ್ಟುಪಾಡು ಇತ್ತು. ಬೇರೆಯವರ ಸಲುವಾಗಿ ಬಾಯಿ ಬಿಡಿಸಿ ಹಲ್ಲು ನೋಡಿದ ಎತ್ತನ್ನು ಪಾರಖಿ ಆ ವರ್ಷ ತಾನು ಕೊಳ್ಳುವಂತಿಲ್ಲ. ನೋಡುತ್ತಿದ್ದಂತೆಯೇ ತನಗೂ ಮನಸ್ಸಾದರೆ, ಹಲ್ಲಿಗೆ ಕೈ ಹಾಕುವ ಮೊದಲೇ ಹೆಗಲ ಮೇಲಿನ ಟವೆಲು ತೆಗೆದು ನೆಲಕ್ಕೆ ಹಾಕಿ, "ಇದರ ಮ್ಯಾಲ ನಂದೂ ಮನಸಾಗ್ಯಾದ, ಬ್ಯಾರೆಯವ್ರನ್ನ ಕರೀರಿ" ಎಂದುಬಿಡಬೇಕು. ಮುತ್ತ್ಯಾ ಹಾಗೆ ಎರಡು ಸಲ ಟವೆಲು ಹಾಕಿದ್ದನಂತೆ. ಅದನ್ನು ನಮ್ಮ ಮನೆಯಲ್ಲಿ ದೊಡ್ಡ ಮರ್ಯಾದೆಯ ಸಂಗತಿಯಂತೆ ಹೇಳುತ್ತಿದ್ದರು. ಇದೆಲ್ಲ ನನಗೆ ಆ ಅಂಗಡಿಯಲ್ಲೇ ನೆನಪಾಯಿತು. ನೆನಪಾದದ್ದಕ್ಕೇ ನನ್ನ ತಪ್ಪು ದೊಡ್ಡದು. ಆದರೆ ನನ್ನ ಹೆಗಲ ಮೇಲೆ ಟವೆಲು ಇರಲಿಲ್ಲ, ನಾನು ಪ್ಯಾಂಟು ಶರಟಿನವನು ಎಂದು ನೆಪ ಮಾಡಿಕೊಂಡೆ.

ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಸುಜಾತಾ ಅಲ್ಲೇ ನಿಂತಿದ್ದಾಳೆ. ಬಸ್ಸಿನಲ್ಲಿ ಉದ್ದಕ್ಕೂ ನಾನು ಹೇಳಬೇಕೆಂದುಕೊಂಡು ಬಂದದ್ದು "ತಗೋ ತಂಗಿ, ಚಲೋ ಅದ" ಎಂದೇ. ಅದನ್ನು ನಾನು ಯಾರ ಮೇಲೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ.

"ನೋಡಿದ್ರೇನ್ರಿ ಸರ್? ಹ್ಯಾಂಗದ?"

"ಬ್ಯಾಡ" ಎಂದಿತು ನನ್ನ ಬಾಯಿ.

"ಯಾಕ್ರಿ?"

"ಕಟಗಿ ಹಗುರ. ಕಿವಿ ಸಡಿಲ. ಹೆಸರಷ್ಟೇ ದೊಡ್ಡದು, ಒಳಗ ಏನೂ ಇಲ್ಲ. ಮುಂದ ಅಸಲ್ ಮಾಲ್ ತಗೊಳ್ಳುವಂತಿ."

"ಆತ್ರಿ ಸರ್. ನೀವ್ ನೋಡಿ ಬ್ಯಾಡ ಅಂದ್ರ ಬ್ಯಾಡ. ಬಿಸಲಾಗ ಅಷ್ಟು ದೂರ ನಂಗೋಸ್ಕರ ಹೋಗಿ ಬಂದ್ರಿ" ಎಂದು, ನಾನು ಬೇಡ ಬೇಡ ಎಂದರೂ ಕೇಳದೆ, ಕಬ್ಬಿನ ಹಾಲು ಕುಡಿಸಿದಳು. ಅದರ ಸಕ್ಕರೆ ನನ್ನ ರಕ್ತದಲ್ಲಿ ಎಷ್ಟು ಏರಿತೋ, ಅವಳೇ ಅಳೆಯಬೇಕು.

ಮುಂದಿನ ಭಾನುವಾರ ಮತ್ತೆ ಕಣ್ಣು ತೋರಿಸಿಕೊಳ್ಳಲು ಸೊಲ್ಲಾಪುರಕ್ಕೆ ಹೋದೆ. ಬರುವಾಗ ಉದ್ದನೆಯ ಪೆಟ್ಟಿಗೆ ಬಂತು. ಮಹಾದೇವಿಗೆ ಶಾಲೆಯ ವಿಜ್ಞಾನದ ಉಪಕರಣ ಎಂದೆ. ನಾದದ ಪಾಠಕ್ಕೆ ಬೇಕು, ಶಾಲೆಯಲ್ಲಿ ಇಲಿಗಳಿವೆ, ಆದ್ದರಿಂದ ಮನೆಯಲ್ಲಿರಲಿ ಎಂದು ಒಳಕೋಣೆಯ ತೊಗರಿ ಚೀಲಗಳ ಹಿಂದೆ ಇಟ್ಟೆ. ತೊಗರಿ ಚೀಲದ ಬಳಿ ಇಲಿಗಳಿಲ್ಲವೇ ಎಂದು ಅವಳು ಕೇಳಲಿಲ್ಲ. ಕೇಳದೆ ನನ್ನನ್ನು ನೋಡಿದಳು, ಅಷ್ಟೇ.

ಕರೆಂಟಿನ ಗಿಟಾರಿನಂಥ ಕಳ್ಳರಿಗೆ ಅನುಕೂಲದ ವಾದ್ಯ ಇನ್ನೊಂದಿಲ್ಲ. ದನಿಪೆಟ್ಟಿಗೆಗೆ ಚುಚ್ಚದಿದ್ದರೆ ಅದು ಸೊಳ್ಳೆಯಷ್ಟೇ ಗುಯ್‌ಗುಡುತ್ತದೆ. ಶಾಲೆ ಬಿಟ್ಟು ಬಂದು, ಮಹಾದೇವಿ ನೀರಿಗೆ ಹೋದ ಹೊತ್ತು ನೋಡಿ, ನಾನು ತೊಗರಿ ಚೀಲಕ್ಕೆ ಬೆನ್ನು ಕೊಟ್ಟು ಕೂತು ನನ್ನ ಮೂರು ಪಟ್ಟುಗಳನ್ನು ಗುಯ್‌ಗುಡಿಸುತ್ತಿದ್ದೆ. ಅಂಗಡಿಯಲ್ಲಿ ಕೇಳಿದ ನಾದ ಮಾತ್ರ ಬರಲಿಲ್ಲ. ದಿನದಿಂದ ದಿನಕ್ಕೆ ಹುಳಿಯಾಗುತ್ತಾ ಹೋಯಿತು. ನೋಡಿದೆಯಾ, ಸೋವಿ ಮಾಲು ತನ್ನ ಗುಣ ತೋರಿಸಿತು, ನಾನು ಸುಜಾತಾಗೆ ಹೇಳಿದ್ದು ಸುಳ್ಳೇನೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಎಷ್ಟು ಹಿತವಾಗಿತ್ತೆಂದರೆ, ಮೂರು ದಿನ ಊಟ ಸರಿಯಾಗಿ ಸೇರಿತು.

ನಾಲ್ಕನೆಯ ದಿನ ಫೋನು ಬಂತು. ಅಫಜಲಪುರದಿಂದ. ಅಲ್ಲಿಯ ಒಂದು ಹಾಡಿನ ತಂಡದವರಂತೆ, ಅವರೂ ಅದೇ ಗಿಟಾರು ಕೊಳ್ಳಬೇಕೆಂದಿದ್ದರಂತೆ. "ಆಳಂದದ ಗಿಟಾರ್ ಮಾಸ್ತರು ಸ್ವತಾ ನೋಡಿ ಬ್ಯಾಡ ಅಂದಾರಂತ ಸುಜಾತಕ್ಕ ಹೇಳಿದ್ಲರಿ. ಭಾಳ ಉಪಕಾರ ಆತ್ರಿ" ಎಂದರು. ಮರುದಿನ ಜೇವರ್ಗಿ ಕಡೆಯ ನೆಲೋಗಿಯಿಂದ ಒಬ್ಬರು. ಅವರ ದನಿಯಲ್ಲಿ ಕೃತಜ್ಞತೆ ತುಳುಕುತ್ತಿತ್ತು. "ರೊಕ್ಕ ಕೈಯಾಗ ಹಿಡ್ಕೊಂಡು ಬಸ್ ಹತ್ತಾಕ ನಿಂತಿದ್ದೆ ನೋಡ್ರಿ ಸಾಹೇಬ್ರ. ನಿಮ್ಮ ಮಾತು ತಿಳಿದು ಹಾಂಗ ಹೊಳ್ಳಿ ಬಂದೆ. ನಿಮ್ಮಂಥವರು ತಾಲ್ಲೂಕಿಗೊಬ್ರು ಇರಬೇಕ್ರಿ!" ಎಂದರು. ನಾನು ಆಗ ಎಲ್ಲಿದ್ದೆ? ತೊಗರಿ ಚೀಲಕ್ಕೆ ಬೆನ್ನು ಕೊಟ್ಟು, ಆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. "ಅದರಾಗೇನದರಿ, ನನ್ನ ಕರ್ತವ್ಯ" ಎಂದೆ. ಒಂದು ಸುಳ್ಳು ಮೂರು ತಾಲ್ಲೂಕಿನಲ್ಲಿ ತಿರುಗಾಡಿ, ಹೋದಲ್ಲೆಲ್ಲ ನನಗೆ ಮಾನ ಸಂಪಾದಿಸುತ್ತಿತ್ತು. ಅಂದು ಊಟ ಸೇರಲಿಲ್ಲ.

ನಮ್ಮ ಕಡೆ ಮನೆಗೆ ಹೊಸ ಸಾಮಾನು ಬಂದರೆ ಅದಕ್ಕೆ ವಿಭೂತಿ ಹಚ್ಚಿ ಓಣಿಗೆಲ್ಲ ಸಕ್ಕರೆ ಹಂಚುವ ಪದ್ಧತಿ. ಫ್ರಿಜ್ಜಿರಲಿ, ಸೈಕಲ್ಲಿರಲಿ, ಸಕ್ಕರೆ ಹಂಚದೆ ಬಳಸಿದರೆ ಅದು ಬಾಳುವುದಿಲ್ಲ ಎಂದು ನಂಬಿಕೆ. ನಾನು ಸುಳ್ಳು ಹೇಳುವಾಗ ಪ್ರಧಾನಮಂತ್ರಿಗಿಂತ ದೊಡ್ಡ ಲೆಕ್ಕಾಚಾರ ಹಾಕಿದ್ದೆ. ಈ ಸಕ್ಕರೆಯನ್ನು ಮಾತ್ರ ಮರೆತಿದ್ದೆ. ಮಾರ್ಚ್ ಕೊನೆಯ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದರೆ, ಗಿಟಾರು ನಡುಮನೆಯ ಕುರ್ಚಿಯ ಮೇಲೆ ಮದುಮಗನಂತೆ ಕೂತಿದೆ. ಹಣೆಗೆ ಮೂರು ಎಳೆ ವಿಭೂತಿ, ಕೊಂಬಿಗೆ ಒಂದು ಮೊಳ ಮಲ್ಲಿಗೆ.

"ಚೀಲ ಬಿಸಲಿಗಿ ಹಾಕಾಕ ತೆಗದೆ, ಸಿಕ್ತು" ಎಂದಳು ಮಹಾದೇವಿ. "ಮನಿಗಿ ಹೊಸಾದು ತಂದು ಹಿಂಗ ಕಸದಂಗ ಒಗೀತಾರೇನ್ರಿ? ಸಾಲಿದಾದ್ರೇನು, ನಮ್ಮನ್ಯಾಗ ಇಳದದಲ್ಲ. ಸಕ್ರಿ ಹಂಚಿ ಬಂದೆ. ಜರಾ ಬಾರಿಸಿಯೂ ನೋಡಿದೆ. ದನೀನ ಇಲ್ಲಲ್ರಿ ಇದಕ್ಕ! ನಿಮಗ ಯಾರೋ ಮೋಸ ಮಾಡ್ಯಾರ."

"ಎಲ್ಲೆಲ್ಲಿ ಹಂಚಿದಿ?" ಎಂದೆ. ನನ್ನ ದನಿಯೂ ಚುಚ್ಚದ ಗಿಟಾರಿನಂತೆಯೇ ಬಂತು.

"ನಮ್ಮ ಓಣಿ, ಹಿಂದಿನ ಓಣಿ. ದವಾಖಾನಿ ಸುಜಾತಾಗೂ ಕೊಟ್ಟೆ. 'ಏನ್ ತಂದ್ರಿ ಅಕ್ಕಾ' ಅಂದ್ಲು. ಗಿಟಾರ್ ಅಂದೆ. ಭಾಳ ಖುಷಿ ಆದ್ಲು ಕಾಣ್ತದ, ಮಾತೇ ಹೊರಡಲಿಲ್ಲ ಆಕಿಗಿ."

ಹಿಂದಿನ ಬಾಗಿಲಿಂದ ಓಡಿಹೋಗೋಣವೆಂದರೆ ಅಲ್ಲಿ ತೊಗರಿ ಹರವಿತ್ತು. ಅಷ್ಟರಲ್ಲಿ ಮುಂದಿನ ಬಾಗಿಲಿಗೆ ಸುಜಾತಾ ಬಂದಳು. ಅಂಗೈಯಲ್ಲಿ ಆ ಸಕ್ಕರೆ ಹಾಗೆಯೇ ಇತ್ತು, ಬಾಯಿಗೆ ಹಾಕಿಕೊಂಡಿರಲಿಲ್ಲ. ಗಿಟಾರನ್ನು ನೋಡಿದಳು, ನನ್ನನ್ನು ನೋಡಿದಳು.

"ನಿನಗೋಸ್ಕರನೇ ತಂದೇನಿ ತಂಗಿ" ಎಂದೆ. "ಇನ್ನೂ ಬರೋಬ್ಬರಿ ಪರೀಕ್ಷಾ ಮಾಡಿ ನೋಡೋಣಂತ..." ಬದುಕಿನಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ ಇಷ್ಟು ಬಡಕಲು ಸುಳ್ಳು ಇನ್ನೊಂದಿಲ್ಲ. ಅದು ನನ್ನ ಬಾಯಿಂದ ಹೊರಬಿದ್ದು ಹೊಸ್ತಿಲವರೆಗೂ ನಡೆಯಲಾರದೆ ಬಿತ್ತು.

ಅವಳು ಸಕ್ಕರೆಯನ್ನು ಕಟ್ಟೆಯ ಮೇಲೆ ಇರುವೆಗೆ ಸುರಿದು, ಕೈ ಒರೆಸಿಕೊಂಡು, ಕುರ್ಚಿಯ ಮೇಲಿನ ಗಿಟಾರನ್ನು ಎತ್ತಿಕೊಂಡಳು. ಮಲ್ಲಿಗೆಯನ್ನು ಬಿಡಿಸಿ ಮಹಾದೇವಿಯ ಕೈಗೆ ಕೊಟ್ಟಳು. ಒಂದು ಸಲ ತಂತಿ ಮೀಟಿ, "ಸರ್, ಶ್ರುತಿ ಹೋಗ್ಯಾದಲ್ರಿ. ಎಷ್ಟು ದಿನಾತು ಹಿಂಗ?" ಎಂದಳು.

"ಆರ್ ದಿನ."

"ಆರ್ ದಿನ ಹಿಂಗೇ ಬಾರಿಸಿದ್ರಿ?"

ಅವಳು ಆರೂ ಕಿವಿ ತಿರುವಿ ಸರಿಪಡಿಸಿ, ಕಿವಿಗೆ ಹತ್ತಿರ ಹಿಡಿದು ಮೆಲ್ಲಗೆ ನುಡಿಸಿದಳು. ದನಿಪೆಟ್ಟಿಗೆ ಇಲ್ಲದ ಆ ಸೊಳ್ಳೆಯ ದನಿಯಲ್ಲೂ ನನ್ನ ಮೂರಲ್ಲ, ಮೂವತ್ತು ಪಟ್ಟುಗಳು ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು ನಡೆದುಹೋದವು. ಹಾಗಾದರೆ ಹುಳಿಯಾಗಿದ್ದು ಗಿಟಾರಲ್ಲ. ಪಾರಖಿಯ ಮೊಮ್ಮಗನ ಕಿವಿ.

"ಪಟ್ಟಿ ತುದಿ ಜರಾ ಉಜ್ಜಬೇಕು. ಎರಡು ಕಿವಿ ಬಿಗಿ ಮಾಡ್ಬೇಕು. ಅಷ್ಟೇರಿ" ಎಂದಳು. "ಉಳದದ್ದು ಭೇಷ್ ಅದ. ನಮ್ಮಂಥವ್ರಿಗಿ ಇದಕ್ಕಿಂತ ಹೆಚ್ಚಿಂದು ಏನ್ ಬೇಕಾಗಿತ್ರಿ, ಸರ್?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಿಜವಾಗಿಯೂ ನನ್ನನ್ನು ಕೇಳುತ್ತಿದ್ದಳು.

"ಇವತ್ತ ತಗೊಂಡ್ಹೋಗು" ಎಂದೆ.

"ಒಯ್ಯಂಗಿಲ್ರಿ. ನಿನ್ನಿ ಮರೆಪ್ಪ ಕಾಕಾ ಕೀಬೋರ್ಡ್‌ನವನಿಗಿ ಮಾತು ಕೊಡ್ತೇನಿ ಅಂದ. ಹೂಂ ಅಂದೇನಿ. ಈಗ ಹೋಗಿ ಸರ್ ಕೊಟ್ರು ಅಂದ್ರ, ನಮ್ಮ ಸರ್ ಎಷ್ಟು ದೊಡ್ಡ ಮನುಷ್ಯಾ ಅಂತಾರ ಎಲ್ಲಾರೂ. ಅದು ನನಗ ಕೇಳಾಕ ಆಗಂಗಿಲ್ಲ. ಏನಾಗ್ಯಾದೋ ಅದನ್ನ ನೀವ ಬಂದು ಹೇಳ್ರಿ."

ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಹಾದೇವಿ ನನ್ನ ಚಪ್ಪಲಿ ತಂದು ಎದುರಿಗಿಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಚಪ್ಪಲಿ ಮುಟ್ಟಿದ್ದು ಅದೊಂದೇ ಸಲ. ನಾನು ಅವನ್ನು ಕಾಲಿಗೆ ಹಾಕಿ, ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸುಜಾತಾಳ ಹಿಂದೆ ಹೊರಟೆ.

ಕಿಣ್ಣಿ ಸುಲ್ತಾನದ ವಿಹಾರದ ಅಂಗಳದಲ್ಲಿ ಸಂಜೆ ತಂಡದವರು ತಾಲೀಮಿಗೆ ಸೇರಿದ್ದರು. ಹತ್ತು ಹನ್ನೆರಡು ಜನ. ನನ್ನನ್ನು ನೋಡಿ ಎಲ್ಲರೂ ಎದ್ದು ನಿಂತರು. ಒಬ್ಬರು ಕುರ್ಚಿ ತಂದರು, ಇನ್ನೊಬ್ಬರು ನೀರು ಕೊಟ್ಟರು. ಮರೆಪ್ಪ ಕಾಕಾ ಕೈ ಮುಗಿದು, "ಬರ್ರಿ ಮಾಸ್ತರ್ರ. ನಮ್ಮ ಹುಡುಗಿ ರೊಕ್ಕ ಉಳಿಸಿದ್ರಿ" ಎಂದರು. ಕುರ್ಚಿಯ ಮೇಲೆ ಕೂರಲು ಆಗಲಿಲ್ಲ. ನಿಂತೇ ಹೇಳಿದೆ. ಮೊದಲು ಸುತ್ತು ಬಳಸಿ, ಕಟ್ಟಿಗೆಯ ಜಾತಿ, ಬೆಸುಗೆಯ ಗುಣ ಎಂದೆಲ್ಲ ಶುರುಮಾಡಿದೆ. ಸುಜಾತಾ ಕೆಮ್ಮಿದಳು. ಆಗ ಒಂದೇ ಉಸಿರಿಗೆ ಹೇಳಿಬಿಟ್ಟೆ: "ಗಿಟಾರ್ ಚಲೋ ಇತ್ತು. ಒಂದೇ ಇತ್ತು. ನನಗ ಆಸೆ ಆತು. ಅದಕ್ಕ ಈಕಿಗಿ ಬ್ಯಾಡ ಅಂತ ಸುಳ್ಳ ಹೇಳಿ ನಾನ ತಗೊಂಡೆ. ಮತ್ತ ನನಗ ಗಿಟಾರ್ ಬಾರಿಸಾಕ ಬರಂಗಿಲ್ಲ. ಮೂರು ಪಟ್ಟು ಬರ್ತಾವ, ಅವೂ ಬರೋಬ್ಬರಿ ಇಲ್ಲ."

ಮರೆಪ್ಪ ಕಾಕಾ ಢೋಲಕ್ಕಿನ ಹಗ್ಗ ಬಿಗಿಯುತ್ತಿದ್ದವರು ಕೈ ನಿಲ್ಲಿಸಿದರು. "ಹಿರೋಳ್ಳಿ ಪಾರಖಿ ಮೊಮ್ಮಗ ಅಲ್ಲೇನ್ರಿ ನೀವು?" ಎಂದರು. "ನಮ್ಮಪ್ಪ ಆತನ್ನ ಕರಕೊಂಡು ಹೋಗಿ ಎತ್ತು ತಂದಿದ್ದ. ಆಗ ಆತ ಟವೆಲ್ ನೆಲಕ್ಕ ಹಾಕಿದ್ನಂತ." ಅಷ್ಟೇ ಎಂದರು. ಆ 'ಅಷ್ಟೇ' ನನ್ನ ನೆತ್ತಿಯ ಮೇಲೆ ಇನ್ನೂ ಕೂತಿದೆ. ಹಿಂದಿನಿಂದ ಒಬ್ಬರು, "ಓದಿದವ್ರನ್ನ ನಂಬೋದು ನಮಗ ಚಟ ಬಿಡ್ರಿ ಕಾಕಾ" ಎಂದರು. ಕೆಲವರು ನಕ್ಕರು. ಆ ನಗುವಿನಲ್ಲಿ ನಗೆ ಇರಲಿಲ್ಲ.

ಕಾಕಾ ಮಾತ್ರ ಬಹಳ ಹೊತ್ತು ಏನೋ ಲೆಕ್ಕ ಹಾಕುತ್ತಿದ್ದವರು ಒಮ್ಮೆಲೇ ತಲೆಯೆತ್ತಿದರು.

"ಅಂದ್ರ ಮಾಲ್ ಭಾರಿ ಚಲೋ ಅದ ಅನ್ರಿ?"

"ಹೌದ್ರಿ" ಎಂದೆ.

"ಚಲೋ ಇರಲೇಬೇಕಲ್ರೋ!" ಎಂದು ಅವರು ತಂಡದ ಕಡೆ ತಿರುಗಿದರು. "ಇಂಥ ಮಾನವಂತ ಮನುಷ್ಯಾ ಇದರ ಸಲುವಾಗಿ ಮಾನಾನ ಬಿಟ್ಟಾನ ಅಂದ್ರ, ಇದಕ್ಕಿಂತ ದೊಡ್ಡ ಪರೀಕ್ಷಾ ಎಲ್ಲದ? ಬಾಯಿ ಸುಳ್ಳ ಹೇಳ್ತದ, ಆಸೆ ಹೇಳಂಗಿಲ್ಲ. ಏ ಸುಜಾತಾ, ರೊಕ್ಕ ಮಾಸ್ತರಿಗಿ ಕೊಟ್ಟು ಗಿಟಾರ್ ತಗೊ. ಕೀಬೋರ್ಡ್‌ನವನಿಗಿ ನಾ ಹೇಳ್ಕೋತೇನಿ." ಅಂಗಳ ಈಗ ನಿಜವಾಗಿ ನಕ್ಕಿತು. ಆ ನಗುವಿನ ನಡುವೆಯೇ ಸುಜಾತಾ ತಂಡದ ದನಿಪೆಟ್ಟಿಗೆಗೆ ವೈರು ಚುಚ್ಚಿ, ಎಂಟು ವರ್ಷದಿಂದ ನಿಂತಿದ್ದ ಹಿಂದಿನ ಸಾಲನ್ನು ಬಿಟ್ಟು, ನಾಲ್ಕು ಹೆಜ್ಜೆ ಮುಂದೆ ಬಂದು ನಿಂತಳು.

ಜಯಂತಿಯ ದಿನ ಅವಳು ನುಡಿಸಿದ್ದನ್ನು ನಾನು ಜನರ ಹಿಂದೆ, ಒಂದು ಟ್ರ್ಯಾಕ್ಟರಿನ ಮರೆಯಲ್ಲಿ ನಿಂತು ಕೇಳಿದೆ. ಮುಂದೆ ಕುರ್ಚಿ ಇಟ್ಟಿದ್ದರು, ಹೋಗಲಿಲ್ಲ. ಎಷ್ಟು ಚೆನ್ನಾಗಿ ನುಡಿಸಿದಳೆಂದರೆ, ನನ್ನ ತಪ್ಪು ಎಷ್ಟು ದೊಡ್ಡದಾಗಿತ್ತು ಎಂಬುದು ಅಂದೇ ನನಗೆ ಪೂರ್ತಿ ಗೊತ್ತಾಯಿತು. ಅಫಜಲಪುರದವರೂ ನೆಲೋಗಿಯವರೂ ಆಮೇಲೆ ಬಂದ ಮಾಲಿನಲ್ಲಿ ಒಂದೊಂದು ಕೊಂಡರು. ನನಗೆ ಫೋನು ಮಾಡಿ ಕೇಳಿದವರಿಲ್ಲ. ಕತೆ ಅವರಿಗೂ ತಲುಪಿತ್ತು, ಅದೇ ಸಾಕಾಯಿತು. ಸುಜಾತಾ ಈಗಲೂ ಮೂರು ತಿಂಗಳಿಗೊಮ್ಮೆ ನನ್ನ ಬೆರಳು ಚುಚ್ಚುತ್ತಾಳೆ. ಮೊದಲಿಗಿಂತ ತುಸು ಜೋರಾಗಿ ಚುಚ್ಚುತ್ತಾಳೆ ಎಂದು ನನಗೆ ಅನಿಸುತ್ತದೆ. ಕೇಳುವ ಧೈರ್ಯವಿಲ್ಲ.

ಜನ ನನ್ನ ಸಲಹೆ ಕೇಳುವುದನ್ನು ಬಿಟ್ಟಿದ್ದಾರೆಂದು ನೀವು ತಿಳಿಯಬಾರದು. ಕೇಳುವ ರೀತಿ ಮಾತ್ರ ಬದಲಾಗಿದೆ. ಮೊನ್ನೆ ನಮ್ಮ ಶಾಲೆಯ ಕನ್ನಡ ಮಾಸ್ತರರು ಯಾರದೋ ಹಳೆಯ ಸ್ಕೂಟರನ್ನು ನೋಡಲು ನನ್ನನ್ನು ಕರೆದೊಯ್ದರು. ನಾನು ಗಾಲಿ ತಿರುಗಿಸಿ, ಎಂಜಿನ್ನಿಗೆ ಕಿವಿ ಕೊಟ್ಟು, ಪ್ರಾಮಾಣಿಕವಾಗಿ, "ಗಾಡಿ ಭಾಳ ಚಲೋ ಅದರಿ, ತಗೋರಿ" ಎಂದೆ. ಅವರು ಗಾಡಿ ನೋಡಲಿಲ್ಲ, ನನ್ನ ಮುಖ ನೋಡಿದರು. "ಅದು ಇರಲಿ ಸರ್. ನಿಮಗ ಆಸೆ ಆಗ್ಯಾದೇನು, ಅದನ್ನ ಹೇಳ್ರಿ" ಎಂದರು. ನನಗೆ ಯಾತಕ್ಕೆ, ಬೇಡ ಎಂದೆ. ಅವರು ಅಷ್ಟಕ್ಕೇ ಮಾತುಕತೆ ಮುರಿದು ಹೊರಟುಬಿಟ್ಟರು. ಗಾಡಿ ನಿಜವಾಗಿಯೂ ಚೆನ್ನಾಗಿತ್ತು. ಅದು ಇನ್ನೂ ಅಲ್ಲೇ ಇದೆಯೋ ಮಾರಿಹೋಯಿತೋ ನಾನು ವಿಚಾರಿಸಿಲ್ಲ. ವಿಚಾರಿಸಕೂಡದೆಂದು ಮಹಾದೇವಿ ತಾಕೀತು ಮಾಡಿದ್ದಾಳೆ.